ಕಟ್ಟಡ ಕುಂದಾಣಕ್ಕೆ ಬಂತು, ಚುನಾವಣೆ ಎಲ್ಲಿಗೆ ಹೋಯ್ತು?

ದೇವನಹಳ್ಳಿಯಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆಲ್ಲ ಆ ಕಟ್ಟಡ ಗೊತ್ತು. ಕುಂದಾಣ ಹೋಬಳಿಯ ಬೀರಸಂದ್ರದಲ್ಲಿ ಎದ್ದು ನಿಂತಿರುವ ಜಿಲ್ಲಾಡಳಿತ ಭವನ. 1986ರ ಆಗಸ್ಟ್ 15ರಂದು ಬೆಂಗಳೂರು ಜಿಲ್ಲೆಯನ್ನು ಎರಡು ಮಾಡಿ ಗ್ರಾಮಾಂತರ ಜಿಲ್ಲೆ ಅಂತ ಹೆಸರಿಟ್ಟರು. ಹೆಸರಿಗೆ ಗ್ರಾಮಾಂತರ, ಕಚೇರಿ ಮಾತ್ರ ಬೆಂಗಳೂರು ನಗರದ ನಡುಮಧ್ಯೆ, ವಿಶ್ವೇಶ್ವರಯ್ಯ ಗೋಪುರದ ಬುಡದಲ್ಲಿ. ಒಂದು ಸಹಿಗೆ, ಒಂದು ಸೀಲಿಗೆ ರೈತ ಎರಡು ಬಸ್ಸು ಬದಲಾಯಿಸಿ ಅಲ್ಲಿಗೆ ಹೋಗಬೇಕಿತ್ತು. ದಶಕಗಳ ಕೂಗಿನ ಮೇಲೆ ಕೊನೆಗೂ ಕಚೇರಿ ಹಳ್ಳಿಗೆ ಬಂತು. ಜಿಲ್ಲಾಧಿಕಾರಿಗಳು ಬಂದರು, ಜಿಲ್ಲಾ ಪಂಚಾಯ್ತಿಯೂ ಬಂತು.

ಬಾರದೆ ಹೋದವರು ಒಬ್ಬರೇ: ಜನ ಆರಿಸಿದ ಮೆಂಬರುಗಳು.

ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. ಐದು ವರ್ಷದ ಅವಧಿ 2021ರಲ್ಲಿ ಮುಗಿಯಿತು. ಸದಸ್ಯರು ಮನೆಗೆ ಹೋದರು, ಆಡಳಿತಾಧಿಕಾರಿ ಬಂದು ಕುರ್ಚಿಯಲ್ಲಿ ಕೂತರು. 2022 ಹೋಯ್ತು, 2023 ಹೋಯ್ತು, 2024 ಕೂಡ ಹೋಯ್ತು. ನಾಲ್ಕು ವರ್ಷ ಕಳೆದರೂ ಆ ಕುರ್ಚಿಗಳಿಗೆ ಜನರ ಕಡೆಯವರು ಬರಲಿಲ್ಲ. ಮನೆ ಕಟ್ಟಿ, ಸುಣ್ಣ ಬಳಿದು, ತೋರಣ ಕಟ್ಟಿ, ಮನೆಯವರನ್ನೇ ಹೊರಗೆ ನಿಲ್ಲಿಸಿದ ಹಾಗಾಯ್ತು ಈ ವ್ಯವಹಾರ.

ಇದು ಮರೆವೂ ಅಲ್ಲ, ಆಕಸ್ಮಿಕವೂ ಅಲ್ಲ. ಬೇಕಂತಲೇ ನಡೆದ ತಡ. ಸ್ಥಳೀಯ ಚುನಾವಣೆ ಮುಂದೂಡುವ ವಿದ್ಯೆಯಲ್ಲಿ ಈ ರಾಜ್ಯದ ಸರ್ಕಾರಗಳು, ಪಕ್ಷ ಯಾವುದೇ ಇರಲಿ, ಒಂದನ್ನೊಂದು ಮೀರಿಸಿವೆ.

ಬಿಲಾತಿಯ ನವೆಂಬರ್ 1

ಮುನಿಸಿಪಾಲಿಟಿ ಚುನಾವಣೆ ಅನ್ನೋ ಪದಾರ್ಥವನ್ನು ಈ ದೇಶಕ್ಕೆ ತಂದವರು ಬ್ರಿಟಿಷರು. ತಮ್ಮ ಊರಲ್ಲಿ ಅವರು ಅದನ್ನು ಹೇಗೆ ನಡೆಸುತ್ತಿದ್ದರು ಅಂತ ತಿರುಗಿ ನೋಡುವುದು ಒಳ್ಳೆಯದು. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ನಗರ ಕೌನ್ಸಿಲುಗಳಿಗೆ ವರ್ಷ ವರ್ಷವೂ ನವೆಂಬರ್ 1ರಂದು ಚುನಾವಣೆ. ಕೌನ್ಸಿಲರುಗಳಲ್ಲಿ ಮೂರನೇ ಒಂದು ಭಾಗ ಪ್ರತಿವರ್ಷ ನಿವೃತ್ತಿ. ತಾರೀಖು ಮೊದಲೇ ಗೊತ್ತು. ಮಂತ್ರಿಯ ಮರ್ಜಿ ಕೇಳಬೇಕಿಲ್ಲ, ಯಾರ ಜಾತಕವನ್ನೂ ನೋಡಬೇಕಿಲ್ಲ. ನವೆಂಬರ್ ಬಂತು ಅಂದರೆ ಓಟು ಬಂತು ಅಂತಲೇ ಲೆಕ್ಕ.

ಆ ಪದ್ಧತಿ ಅಪ್ಪಟ ಚಿನ್ನವೇನೂ ಆಗಿರಲಿಲ್ಲ. ಮನೆಕಂದಾಯ ಕಟ್ಟುವವನಿಗೆ ಓಟು, ಬರಿಗೈಯವನಿಗೆ ಇಲ್ಲ. ಕಂದಾಯ ಕಟ್ಟುವ ಒಂಟಿ ಹೆಂಗಸರಿಗೆ 1869ರಲ್ಲೇ ಓಟು ಕೊಟ್ಟಿದ್ದರೂ, ಹೆಂಗಸು ಊರಿನ ಕೌನ್ಸಿಲಿಗೆ ನಿಂತು ಗೆಲ್ಲಬಹುದು ಅಂತ ಕಾನೂನು ಆಗಿದ್ದು 1907ರಲ್ಲಿ. ಆದರೂ ಒಂದು ಮಾತು ಒಪ್ಪಬೇಕು. ಚುನಾವಣೆಯನ್ನು ಅವರು ನಿಲ್ಲಿಸಿದ್ದು ಮೊದಲನೇ ಮಹಾಯುದ್ಧದ ಕಾಲದಲ್ಲಿ. ಲಕ್ಷಾಂತರ ಗಂಡಸರು ಯುದ್ಧಭೂಮಿಯಲ್ಲಿದ್ದರು. 1918ರ ನವೆಂಬರಿನಲ್ಲಿ ಯುದ್ಧ ನಿಂತಿತು, 1919ರ ನವೆಂಬರಿನಲ್ಲಿ ಊರೂರಲ್ಲಿ ಓಟಿನ ಪೆಟ್ಟಿಗೆ ಇಟ್ಟರು. ಸತ್ತವರ ಲೆಕ್ಕವೇ ಇನ್ನೂ ಮುಗಿದಿರಲಿಲ್ಲ, ಒಂದು ವರ್ಷದೊಳಗೆ ಕೌನ್ಸಿಲುಗಳಿಗೆ ಜೀವ ಬಂತು.

ಕರ್ನಾಟಕದಲ್ಲಿ 2021ರಲ್ಲಿ ಯಾವ ಯುದ್ಧ ನಡೆದಿತ್ತು? ಕೊರೊನಾ ಇತ್ತು, ನಿಜ. ಆದರೆ ಅದೇ ಕೊರೊನಾ ಕಾಲದಲ್ಲಿ, 2020ರ ಡಿಸೆಂಬರ್ 22 ಮತ್ತು 27ರಂದು, ಗ್ರಾಮ ಪಂಚಾಯ್ತಿಗಳಿಗೆ ಎರಡು ಹಂತದಲ್ಲಿ ಚುನಾವಣೆ ನಡೆಯಿತಲ್ಲ? ಜನ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸಾಲಲ್ಲಿ ನಿಂತರು. ಕೊರೊನಾ ಹೋದ ಮೇಲೆ, 2023ರ ಮೇ 10ರಂದು ವಿಧಾನಸಭೆಗೆ ಓಟಾಯ್ತು. 2024ರಲ್ಲಿ ಲೋಕಸಭೆಗೂ ಆಯ್ತು. ಎರಡೂ ಹೊತ್ತಿಗೆ ಸರಿಯಾಗಿ. ಎಂಎಲ್ಎ, ಎಂಪಿಗಳನ್ನು ಆರಿಸಲು ಸಿಗುವ ಸಿಬ್ಬಂದಿ, ಶಾಲೆ ಕೊಠಡಿ, ಪೊಲೀಸು, ಬಸ್ಸು, ತಾಲ್ಲೂಕು ಪಂಚಾಯ್ತಿ ಮೆಂಬರನ್ನು ಆರಿಸಲು ಮಾತ್ರ ಸಿಗೋದಿಲ್ಲ ಅಂದರೆ ನಂಬುವವರು ಯಾರು?

ಮೆಂಬರು ಜೈಲಿಗೆ ಹೋದ ಕಥೆ

1919ರ ಅದೇ ನವೆಂಬರಿನಲ್ಲಿ ಲಂಡನ್ನಿನ ಪಾಪ್ಲರ್ ಎಂಬ ಬಡಬಡಾವಣೆಯಲ್ಲಿ ಒಂದು ತಮಾಷೆ ನಡೆಯಿತು. ಹಡಗುಕಟ್ಟೆಯ ಕೂಲಿಗಳ ಊರು ಅದು. 42 ಸ್ಥಾನಗಳಲ್ಲಿ 39 ಲೇಬರ್ ಪಕ್ಷದ ಪಾಲಾಯ್ತು. ಗೆದ್ದವರಲ್ಲಿ ದುಡಿಮೆಗಾರರೇ ಬಹಳ. ಜಾರ್ಜ್ ಲ್ಯಾನ್ಸ್‌ಬರಿ ಎಂಬಾತ ಮೇಯರ್ ಆದರು.

ಆಗ ಲಂಡನ್ನಿನ ಪ್ರತಿ ಬಡಾವಣೆಯೂ ತನ್ನ ನಿರುದ್ಯೋಗಿಗಳಿಗೆ ತಾನೇ ಪರಿಹಾರ ಕೊಡಬೇಕಿತ್ತು. ಸಾಹುಕಾರರ ಬಡಾವಣೆಯಲ್ಲಿ ಬಾಡಿಗೆ ಬೆಲೆ ಜಾಸ್ತಿ, ಅಲ್ಲಿ ಒಂದು ಕಾಸು ಕಂದಾಯ ಹಾಕಿದರೂ ಚೀಲ ತುಂಬುತ್ತೆ. ಪರಿಹಾರ ಬೇಕಾದವರು ಮಾತ್ರ ಅಲ್ಲಿ ಕಡಿಮೆ. ಪಾಪ್ಲರಿನಲ್ಲಿ ಎಲ್ಲಾ ತಿರುವುಮುರುವು. ಕೈ ಚಾಚುವವರು ಸಾವಿರಾರು, ಕಂದಾಯ ಕಟ್ಟುವವರೂ ಬಡವರೇ. ಅದರ ಮೇಲೆ ಲಂಡನ್ ಕೌಂಟಿ ಕೌನ್ಸಿಲಿಗೆ, ಪೊಲೀಸಿಗೆ, ನೀರಿನ ಬೋರ್ಡಿಗೆ ಬೇರೆ ವಂತಿಗೆ ಕಟ್ಟಬೇಕು. 1921ರಲ್ಲಿ ಪಾಪ್ಲರಿನ ಕೌನ್ಸಿಲರುಗಳು, ಇದು ಅನ್ಯಾಯ, ಈ ವಂತಿಗೆ ವಸೂಲು ಮಾಡೋದಿಲ್ಲ ಅಂತ ಕೂತುಬಿಟ್ಟರು. ಕೋರ್ಟು ಕರೆಯಿತು, ಮೆರವಣಿಗೆಯಲ್ಲಿ ಹೋದರು. ಕೋರ್ಟು ಜೈಲು ಅಂದಿತು, ಅಲ್ಲಿಗೂ ಹೋದರು. ಮೇಯರ್‌ಗಿರಿ ಮಾಡಿದ ಲ್ಯಾನ್ಸ್‌ಬರಿ ಸೇರಿ 30 ಮಂದಿ, ಅವರಲ್ಲಿ ಹೆಂಗಸರೂ ಇದ್ದರು. ಆರು ವಾರ ಒಳಗಿದ್ದು, ಜೈಲಿನಲ್ಲೇ ಕೌನ್ಸಿಲ್ ಸಭೆಯನ್ನೂ ನಡೆಸಿದರು. ಕೊನೆಗೆ ಬಗ್ಗಿದ್ದು ಸರ್ಕಾರ. ಬಡವರ ಪರಿಹಾರದ ಭಾರವನ್ನು ಸಿರಿವಂತ ಬಡಾವಣೆಗಳೂ ಹಂಚಿಕೊಳ್ಳಬೇಕು ಅಂತ ಅದೇ ವರ್ಷ ಕಾನೂನು ಬಂತು.

ಕುಂದಾಣದ ಅಂಗಡಿಯವರಿಗೆ ಪಾಪ್ಲರ್ ಕಟ್ಟಿಕೊಂಡು ಏನಾಗಬೇಕು ಅಂತ ಕೇಳಬಹುದು. ಆಗಬೇಕಾದ್ದು ಇಷ್ಟೇ. ಜನ ಆರಿಸಿದ ಮೆಂಬರು, ಒಳ್ಳೆಯವನಾದರೆ, ತನ್ನ ಊರಿಗಾಗಿ ಮೇಲಿನವರ ಎದುರು ನಿಲ್ಲಬಲ್ಲ. ಆಡಳಿತಾಧಿಕಾರಿ ಎಷ್ಟೇ ಒಳ್ಳೆಯವರಾದರೂ ನಿಲ್ಲಲಾರರು. ಅವರನ್ನು ಕಳಿಸಿದ್ದು ಮೇಲಿನವರು, ಅವರ ವರ್ಗಾವಣೆ ಇರೋದು ಮೇಲಿನವರ ಕೈಯಲ್ಲಿ, ಲೆಕ್ಕ ಒಪ್ಪಿಸೋದೂ ಮೇಲಕ್ಕೆ. ಕೆಳಗೆ ನೋಡುವ ಅಗತ್ಯ ಅವರಿಗೇನಿದೆ?

ಪಕ್ಕದ ಹೋಬಳಿಯ ಪಾಠ

ಇದಕ್ಕೆ ಲಂಡನ್ನಿಗೇ ಹೋಗಬೇಕಿಲ್ಲ, ಪಕ್ಕದ ಚನ್ನರಾಯಪಟ್ಟಣ ಹೋಬಳಿಯನ್ನು ನೋಡಿದರೆ ಸಾಕು. 13 ಹಳ್ಳಿಗಳ 1,777 ಎಕರೆ ಜಮೀನನ್ನು ಕೈಗಾರಿಕೆಗೆ ಅಂತ ಕೆಐಎಡಿಬಿ ತೆಗೆದುಕೊಳ್ಳಲು ಹೊರಟಿತು. 2022ರ ಏಪ್ರಿಲಿನಲ್ಲಿ ರೈತರು ಧರಣಿ ಕೂತರು. ಬಿಸಿಲು, ಮಳೆ, ಲಾಠಿ ಎಲ್ಲಾ ಕಂಡರು. ಮೂರು ವರ್ಷ ದಾಟಿದ ಮೇಲೆ, 2025ರ ಜುಲೈ 15ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಟ್ಟಿದ್ದೇವೆ ಅಂತ ಘೋಷಿಸಿದರು.

ಈಗ ತಾರೀಖು ಜೋಡಿಸಿ ನೋಡಿ. ಧರಣಿ ಶುರುವಾದಾಗ ಜಿಲ್ಲಾ ಪಂಚಾಯ್ತಿ ಖಾಲಿ. ಧರಣಿ ಮುಗಿದಾಗಲೂ ಖಾಲಿ. ಆ ಹೋಬಳಿಯಿಂದ ಒಬ್ಬ ಜಿಲ್ಲಾ ಪಂಚಾಯ್ತಿ ಮೆಂಬರು, ನಾಲ್ಕಾರು ತಾಲ್ಲೂಕು ಪಂಚಾಯ್ತಿ ಮೆಂಬರುಗಳು ಇದ್ದಿದ್ದರೆ ಸಭೆಯಲ್ಲಿ ಎದ್ದು ಕೇಳುತ್ತಿದ್ದರು, ನಿರ್ಣಯ ಮಾಡಿ ಅನ್ನುತ್ತಿದ್ದರು. ಮಾಡದಿದ್ದರೆ ಊರಿಗೆ ಬಂದಾಗ ಜನ ಅವರನ್ನೇ ಹಿಡಿದು ಕೇಳುತ್ತಿದ್ದರು. ಜಿಲ್ಲಾ ಪಂಚಾಯ್ತಿಗೆ ಕೆಐಎಡಿಬಿಯ ಕೈ ಕಟ್ಟುವ ಅಧಿಕಾರ ಇಲ್ಲ, ಅದು ಸರಿಯೇ. ಆದರೆ ಇಡೀ ಜಿಲ್ಲೆಯ ಆಯ್ದ ಸಭೆ ಒಂದು ನಿರ್ಣಯ ಮಾಡಿದರೆ ಅದಕ್ಕೊಂದು ತೂಕ ಇರುತ್ತೆ. ಆ ತೂಕವೂ ಇಲ್ಲದೆ, ಉಳುವವರು ಉಳುಮೆ ಬಿಟ್ಟು ತಾವೇ ರಸ್ತೆಗೆ ಬರಬೇಕಾಯ್ತು.

ವಿಮಾನ ನಿಲ್ದಾಣ 2008ರಲ್ಲಿ ಬಂದ ಮೇಲೆ ಈ ತಾಲ್ಲೂಕಿನ ಮಣ್ಣಿನ ಬೆಲೆ ಏನಾಗಿದೆ ಅಂತ ಎಲ್ಲರಿಗೂ ಗೊತ್ತು. ರಾಗಿ ಹೊಲ ಲೇಔಟಾಗುತ್ತೆ, ದ್ರಾಕ್ಷಿ ತೋಟ ಗೋಡೌನಾಗುತ್ತೆ. ಕೊಳವೆಬಾವಿ ಪಾತಾಳಕ್ಕೆ ಇಳಿದಿದೆ. ಸೈಟು ಕೊಂಡವನು ಇ-ಸ್ವತ್ತು ಖಾತೆಗೆ ಅಲೆಯುತ್ತಾನೆ, ನಮೂನೆ 9 ಯಾವುದು, 11ಬಿ ಯಾವುದು ಅಂತ ತಲೆ ಕೆರೆದುಕೊಳ್ಳುತ್ತಾನೆ. ಇಷ್ಟು ದುಡ್ಡು ಓಡಾಡುವ ಜಾಗದಲ್ಲಿ ಜನರ ಕಣ್ಣು ಎಷ್ಟಿದ್ದರೂ ಸಾಲದು. ಇಂಥ ಜಾಗದಲ್ಲೇ ಎರಡು ಮೆಟ್ಟಿಲಿನ ಕಣ್ಣು ಮುಚ್ಚಿಸಿದ್ದಾರೆ.

ನೆಪಗಳ ಪಟ್ಟಿ

ಚುನಾವಣೆ ಯಾಕೆ ಆಗಲಿಲ್ಲ ಅಂತ ಕೇಳಿದರೆ ಸರ್ಕಾರದ ಹತ್ತಿರ ಉತ್ತರ ಸಿದ್ಧ. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ತನ್ನ ಕೆಲಸ ತಾನು ಮಾಡುತ್ತಿತ್ತು. ಕ್ಷೇತ್ರದ ಗಡಿ ಗುರುತಿಸಿದ್ದೂ ಆಗಿತ್ತು. ಅಷ್ಟರಲ್ಲಿ ಸರ್ಕಾರ ಕಾನೂನು ತಿದ್ದಿ, ಗಡಿ ಗುರುತಿಸುವ ಅಧಿಕಾರವನ್ನು ಆಯೋಗದ ಕೈಯಿಂದ ಕಿತ್ತು ಬೇರೊಂದು ಸಮಿತಿಗೆ ಕೊಟ್ಟಿತು. ಬರೆದದ್ದನ್ನು ಅಳಿಸಿ ಮತ್ತೆ ಬರೆಯೋ ಕೆಲಸ. ಆಮೇಲೆ ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರಶ್ನೆ ಬಂತು. ಅದಕ್ಕೆ ನ್ಯಾಯಮೂರ್ತಿ ಭಕ್ತವತ್ಸಲ ಅವರ ಸಮಿತಿ. ಆಮೇಲೆ ವರದಿ, ಆಮೇಲೆ ಆಕ್ಷೇಪಣೆ, ಆಮೇಲೆ ಕೋರ್ಟು. ತಡ ಮಾಡಿದ್ದಕ್ಕೆ 2022ರ ಡಿಸೆಂಬರಿನಲ್ಲಿ ಹೈಕೋರ್ಟು 5 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಸರ್ಕಾರಕ್ಕೆ 5 ಲಕ್ಷ ಯಾವ ಲೆಕ್ಕ? ಅದೂ ಜನರದ್ದೇ ದುಡ್ಡು. ಓಟೂ ಇಲ್ಲ, ಮೇಲೆ ದಂಡವೂ ಜನರದೇ. ಉಪ್ಪು ತಿಂದವರು ಒಬ್ಬರು, ನೀರು ಕುಡಿದವರು ಇನ್ನೊಬ್ಬರು.

ಹಿಂದುಳಿದವರಿಗೆ ಮೀಸಲಾತಿ ಬೇಡ ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ. ಅದು ಬೇಕೇ ಬೇಕು. ಲೆಕ್ಕ ಸರಿಯಾಗಿರಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ್ದೂ ಸರಿಯೇ. ಆದರೆ ಐದು ವರ್ಷಕ್ಕೊಮ್ಮೆ ಚುನಾವಣೆ ಬರುತ್ತೆ ಅನ್ನೋದು ಸರ್ಕಾರಕ್ಕೆ ಹಿಂದಿನ ರಾತ್ರಿ ತಿಳಿದ ಸುದ್ದಿಯೇ? ಹಬ್ಬ ಯಾವತ್ತು ಅಂತ ಪಂಚಾಂಗದಲ್ಲಿ ಬರೆದಿದೆ. ಹಬ್ಬದ ದಿನ ಬೆಳಿಗ್ಗೆ ಎದ್ದು ಅಕ್ಕಿ ಇಲ್ಲ ಅನ್ನೋ ಯಜಮಾನನಿಗೆ ಏನನ್ನಬೇಕು?

ಸಂವಿಧಾನದ ಮಾತೂ ಸ್ಪಷ್ಟವಾಗಿದೆ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೇ ತಿದ್ದುಪಡಿ, ಪಂಚಾಯ್ತಿಯ ಆಯಸ್ಸು ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಅವಧಿ ಮುಗಿಯೋ ಮೊದಲೇ ಮುಂದಿನ ಚುನಾವಣೆ ಮುಗಿಸಬೇಕು ಅನ್ನುತ್ತೆ. ಅದರಲ್ಲಿ 'ಅನುಕೂಲವಾದರೆ' ಅಂತ ಎಲ್ಲೂ ಇಲ್ಲ.

ಹಳೇ ರೋಗ

ಈ ತಿದ್ದುಪಡಿ ಬಂದದ್ದೇ ಇಂಥ ಕಾಯಿಲೆಗೆ ಮದ್ದಾಗಿ. ಪಂಚಾಯ್ತಿ ರಾಜ್ಯದಲ್ಲಿ ದೇಶಕ್ಕೇ ದಾರಿ ತೋರಿಸಿದ್ದು ಕರ್ನಾಟಕ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ, 1987ರ ಜನವರಿಯಲ್ಲಿ, ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆಯಿತು. ನಾಲ್ಕನೇ ಒಂದು ಪಾಲು ಸ್ಥಾನ ಹೆಂಗಸರಿಗೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ದರ್ಜೆ. ಹುಟ್ಟಿ ಆರು ತಿಂಗಳೂ ಆಗದಿದ್ದ ಬೆಂಗಳೂರು ಗ್ರಾಮಾಂತರ ಜಿಲ್ಲೆ ಕಂಡ ಮೊದಲ ಊರಹಬ್ಬ ಅದು. ಹಳ್ಳಿಹಳ್ಳಿಗೆ ಕೊಳವೆಬಾವಿ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡ ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಅವರ ಹಿಂದೆಯೇ ಉತ್ಸಾಹವೂ ತೀರಿತು. 1992ರಲ್ಲಿ ಪರಿಷತ್ತುಗಳ ಅವಧಿ ಮುಗಿಯಿತು. ಮತ್ತೆ ಜಿಲ್ಲಾ ಮಟ್ಟದ ಚುನಾವಣೆ ಆಗಿದ್ದು 1995ರಲ್ಲಿ. ಮೂರು ವರ್ಷ ಆಡಳಿತಾಧಿಕಾರಿಗಳ ಕಾಲ.

ಪಟ್ಟಣದ ಕಥೆ ಬೇರೆಯೇನಲ್ಲ. ಬೆಂಗಳೂರಿನಲ್ಲಿ ಮುನಿಸಿಪಲ್ ಬೋರ್ಡು ಹುಟ್ಟಿದ್ದು 1862ರಲ್ಲಿ. 1882ರಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಡಿಸಿದ ವರ್ಷವೇ, ಬೆಂಗಳೂರಲ್ಲಿ ಅರ್ಧದಷ್ಟು ಕೌನ್ಸಿಲರುಗಳನ್ನು ಆರಿಸಬೇಕು ಅಂತಾಯ್ತು. 1913ರಲ್ಲಿ ಗೌರವ ಅಧ್ಯಕ್ಷರ ಪದ್ಧತಿ ಬಂತು. ಟೌನ್ ಹಾಲಿಗೆ ಹೆಸರು ಕೊಟ್ಟ ಸರ್ ಪುಟ್ಟಣ್ಣ ಚೆಟ್ಟಿಯವರು ಆ ಕಾಲದಲ್ಲಿ ಅಧ್ಯಕ್ಷರಾದವರು. 1926ರಲ್ಲಿ ಮೈಸೂರು ಸಂಸ್ಥಾನ ಜಿಲ್ಲಾ ಬೋರ್ಡಿಗೂ ಹಳ್ಳಿ ಪಂಚಾಯ್ತಿಗೂ ಬೇರೆ ಬೇರೆ ಕಾನೂನು ಮಾಡಿತು. ರಾಜರ ಕಾಲದಲ್ಲಿ, ದಿವಾನರ ಕಾಲದಲ್ಲಿ, ಓಟು ಕೆಲವರಿಗೆ ಮಾತ್ರ ಇದ್ದಾಗ ಇಷ್ಟೆಲ್ಲಾ ಆಯ್ತು. ಪ್ರಜೆಯೇ ದೊರೆ ಆದ ಮೇಲೆ? ಬೆಂಗಳೂರಿನ ಕೌನ್ಸಿಲು 2006ರಲ್ಲಿ ಬರಖಾಸ್ತಾಗಿ ಮುಂದಿನ ಚುನಾವಣೆ ಕಂಡಿದ್ದು 2010ರಲ್ಲಿ. 2015ರಲ್ಲಿ ಆರಿಸಿದ ಕೌನ್ಸಿಲು 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಮತ್ತದೇ ಆಡಳಿತಾಧಿಕಾರಿ. ಅಷ್ಟು ದೊಡ್ಡ ರಾಜಧಾನಿಗೇ ಈ ಗತಿ ಆದ ಮೇಲೆ ಕುಂದಾಣದ ಗೋಳು ಕೇಳುವವರು ಯಾರು?

'ಇದ್ದಾಗ ಏನು ಕಡಿದರು?'

ಬಸ್ ಸ್ಟ್ಯಾಂಡಿನಲ್ಲಿ, ಹೋಟೆಲ್ ಬೆಂಚಿನ ಮೇಲೆ ಈ ಮಾತು ಎತ್ತಿದರೆ ಬರುವ ಉತ್ತರ ಒಂದೇ. ಮೆಂಬರುಗಳು ಇದ್ದಾಗ ಏನು ಕಡಿದು ಕಟ್ಟೆ ಹಾಕಿದರು, ಕಂಟ್ರಾಕ್ಟು ಹೊಡೆದರು, ಕಾರು ಕೊಂಡರು, ಅಧ್ಯಕ್ಷಗಿರಿಗಾಗಿ ರೆಸಾರ್ಟಿಗೆ ಹೋಗಿ ಕೂತರು, ಅಷ್ಟೇ ತಾನೇ?

ಮಾತು ಪೂರ್ತಿ ಸುಳ್ಳಲ್ಲ. ಅಂಥವರು ಇದ್ದರು. ಆದರೆ ಕಳ್ಳ ಮೆಂಬರಿಗೆ ಮದ್ದು ಮುಂದಿನ ಚುನಾವಣೆ, ಚುನಾವಣೆಯನ್ನೇ ತೆಗೆಯೋದಲ್ಲ. ಅಂಗಡಿಯಲ್ಲಿ ತೂಕದಲ್ಲಿ ಮೋಸವಾದರೆ ಗಿರಾಕಿ ತಕ್ಕಡಿ ಸರಿ ಮಾಡಿಸುತ್ತಾನೆ. ತಕ್ಕಡಿ ಎಸೆದು, ಕೊಟ್ಟಷ್ಟು ಕೊಡಿ ಅಂತ ಕೈಮುಗಿದು ನಿಲ್ಲೋದಿಲ್ಲ. ಮೆಂಬರು ಕೆಟ್ಟವನಾದರೂ ಊರಲ್ಲೇ ಇರುತ್ತಾನೆ. ಮದುವೆಗೆ ಬರುತ್ತಾನೆ, ತಿಥಿಗೆ ಬರುತ್ತಾನೆ, ಎದುರಿಗೆ ಸಿಕ್ಕರೆ ಚರಂಡಿ ಯಾಕೆ ಕಟ್ಟಿಲ್ಲ ಅಂತ ನಾಲ್ಕು ಜನರ ಮುಂದೆ ಕೇಳಬಹುದು. ಆಡಳಿತಾಧಿಕಾರಿಯನ್ನು ಕೇಳಬೇಕಾದರೆ ಅರ್ಜಿ ಬರೆದು, ಸ್ವೀಕೃತಿ ಪಡೆದು, ಮತ್ತೆ ಬಂದು ನಿಲ್ಲಬೇಕು. ಅಷ್ಟರಲ್ಲಿ ಅವರಿಗೆ ವರ್ಗ ಆಗಿರುತ್ತೆ.

ಇನ್ನೊಂದು ಲಾಭ ಇದೆ, ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಜಿಲ್ಲಾ ಪಂಚಾಯ್ತಿ ಖಾಲಿಯಾಗಿದ್ದರೆ ತಾಲ್ಲೂಕಿನಲ್ಲಿ ಎಂಎಲ್ಎ ಒಬ್ಬರೇ ದೊಡ್ಡವರು. ಗುದ್ದಲಿ ಪೂಜೆಗೂ ಅವರೇ, ಫಲಾನುಭವಿ ಪಟ್ಟಿಗೂ ಅವರೇ. ಇವತ್ತು ಜಿಲ್ಲಾ ಪಂಚಾಯ್ತಿ ಗೆದ್ದವನು ನಾಳೆ ಎಂಎಲ್ಎ ಟಿಕೆಟ್ಟು ಕೇಳುತ್ತಾನೆ. ಮೊಳಕೆಯಲ್ಲೇ ಚಿವುಟಿದರೆ ಚಿಂತೆಯಿಲ್ಲ. ಆಳುವವರು ಬದಲಾದರೂ ತಡ ಬದಲಾಗದಿರೋ ಗುಟ್ಟು ಇದು. ಈ ವಿಷಯದಲ್ಲಿ ವಿರೋಧ ಪಕ್ಷದ ಗಂಟಲೂ ಕಟ್ಟಿರುತ್ತೆ.

ನಷ್ಟ ಯಾರಿಗೆ? 2010ರಿಂದ ಅರ್ಧ ಸ್ಥಾನ ಹೆಂಗಸರಿಗೆ ಅಂತ ಕಾನೂನಿದೆ. ದಲಿತರಿಗೆ, ಹಿಂದುಳಿದವರಿಗೆ ಅಧ್ಯಕ್ಷರ ಪಾಳಿ ಬರುತ್ತೆ. ದುಡ್ಡಿಲ್ಲದವರು, ದೊಡ್ಡ ಮನೆತನದ ಬಲ ಇಲ್ಲದವರು ರಾಜಕೀಯದ ಮೆಟ್ಟಿಲು ಹತ್ತುವ ಜಾಗವೇ ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ. ಅಟ್ಟಕ್ಕೆ ಹತ್ತಿದವರು ಏಣಿ ಎಳೆದುಕೊಂಡ ಹಾಗಿದೆ ಇದು.

ಓಟುದಾರರಿಗೂ ಒಂದು ಮಾತು

ಎಲ್ಲಾ ತಪ್ಪನ್ನೂ ವಿಧಾನಸೌಧದ ಮೇಲೆ ಹೊರಿಸಿ ಮನೆಗೆ ಹೋಗುವ ಹಾಗಿಲ್ಲ. 2020ರ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ರಾಜ್ಯದ ಕೆಲವು ಹಳ್ಳಿಗಳಲ್ಲಿ ಮೆಂಬರ್ ಸ್ಥಾನವನ್ನೇ ಹರಾಜು ಹಾಕಿದರು. ದೇವಸ್ಥಾನಕ್ಕೆ ದುಡ್ಡು ಅಂತ ಹೆಸರು, ಜಾಸ್ತಿ ಕೂಗಿದವನು ಅವಿರೋಧ ಆಯ್ಕೆ. ಕ್ರಮ ತೆಗೆದುಕೊಳ್ಳಿ ಅಂತ ಚುನಾವಣಾ ಆಯೋಗ ಹೇಳಬೇಕಾಯ್ತು. ಹರಾಜಿನಲ್ಲಿ ಕೊಂಡವನು ಊರಿಗೆ ಲೆಕ್ಕ ಕೊಡುತ್ತಾನೆಯೇ? ಕೊಂಡ ಮಾಲಿನ ಮೇಲೆ ಲಾಭ ಎಷ್ಟು ಅಂತ ನೋಡುತ್ತಾನೆ, ವ್ಯಾಪಾರ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಕ್ಕರಿಗೆ, ಸೀರೆಗೆ, ಒಂದು ರಾತ್ರಿಯ ಬಾಡೂಟಕ್ಕೆ ಕೊಟ್ಟ ಓಟಿನ ಕಥೆಯೂ ಅದೇ. ಓಟನ್ನು ಹಗುರವಾಗಿ ಮಾರಿದ ಊರಿನಿಂದ ಓಟನ್ನೇ ಕಿತ್ತುಕೊಂಡರೆ ಕೇಳುವ ಬಾಯಿಗೆ ಬಲ ಎಲ್ಲಿಂದ ಬರಬೇಕು?

ಆಗಬೇಕಾದ್ದು ಮೂರು. ಒಂದು, ಬಿಲಾತಿಯವರ ನವೆಂಬರಿನ ಹಾಗೆ ಪಂಚಾಯ್ತಿ ಚುನಾವಣೆಯ ತಿಂಗಳು ಕಾನೂನಿನಲ್ಲೇ ಅಚ್ಚಾಗಬೇಕು. ಎರಡು, ಕ್ಷೇತ್ರದ ಗಡಿ, ಮೀಸಲಾತಿ ಪಟ್ಟಿ ಎರಡೂ ಅವಧಿ ಮುಗಿಯೋ ಆರು ತಿಂಗಳ ಮೊದಲೇ ಸಿದ್ಧವಾಗಬೇಕು, ಆ ಕೆಲಸ ಚುನಾವಣಾ ಆಯೋಗದ ಕೈಗೆ ವಾಪಸು ಹೋಗಬೇಕು. ಮೂರು, ಹೊತ್ತಿಗೆ ಸಿದ್ಧವಾಗದಿದ್ದರೆ ಹಳೇ ಪಟ್ಟಿಯ ಮೇಲೇ ಚುನಾವಣೆ ಅಂತ ನಿಯಮ ಬರಬೇಕು. ಆಗ ತಡ ಮಾಡಿ ಯಾರಿಗೂ ಲಾಭ ಇರೋದಿಲ್ಲ, ಲಾಭ ಇಲ್ಲದ ಕೆಲಸವನ್ನು ರಾಜಕೀಯದವರು ಮಾಡೋದೂ ಇಲ್ಲ.

ಇದು ಆಗುತ್ತೋ ಇಲ್ಲವೋ, ಜನರ ಕೈಯಲ್ಲಿ ಒಂದು ಪ್ರಶ್ನೆ ಅಂತೂ ಇದೆ. ಯಾವುದೇ ಪಕ್ಷದ ಎಂಎಲ್ಎ ಆಗಲಿ, ಎಂಪಿ ಆಗಲಿ, ಕುಂದಾಣಕ್ಕೆ ಬಂದು ಕೈಮುಗಿದಾಗ ಮಾಲೆ ಹಾಕುವ ಮೊದಲು ಕೇಳಬೇಕು: ನಿಮ್ಮ ಚುನಾವಣೆ ಒಂದು ದಿನವೂ ತಪ್ಪಲಿಲ್ಲವಲ್ಲ, ನಮ್ಮದು ಯಾಕೆ ನಾಲ್ಕು ವರ್ಷ ತಪ್ಪಿತು? ಉತ್ತರ ಬರುವ ತನಕ ಮಾಲೆ ಅಂಗಡಿಯಲ್ಲೇ ಇರಲಿ. ಹೂವು ಬಾಡಿದರೆ ಹತ್ತಿಪ್ಪತ್ತು ರೂಪಾಯಿ ನಷ್ಟ, ಓಟು ಬಾಡಿದರೆ ಊರಿಗೇ ನಷ್ಟ.